ಗೋಡೆಯ ಹಿಂದಿನ ಹಬೆ

ಹೋಟೆಲ್ ಬಾಯ್ಲರ್ ಕೆಲಸಕ್ಕೆ ಸೇರುವ ಹುಡುಗರಿಗೆ ಯಾರೂ ಮೊದಲೇ ಹೇಳದ ಒಂದು ಸಂಗತಿಯಿದೆ. ಈ ಕೆಲಸ ಕಲಿತ ಮೇಲೆ ನೀವು ಹೋಟೆಲಿನಲ್ಲಿ ಹಿಂದಿನಂತೆ ತಿನ್ನಲಾರಿರಿ. ತಟ್ಟೆ ಕೈಗೆ ಬಂದರೂ ಕಣ್ಣು ಅಡಿಗೆಮನೆಯ ಗೋಡೆಯನ್ನೇ ನೋಡುತ್ತಿರುತ್ತದೆ. ಪಕ್ಕದವರು ಚಟ್ನಿ ಚೆನ್ನಾಗಿದೆ ಎಂದರೆ ನೀವು ಹೂಂಗುಟ್ಟುತ್ತೀರಿ. ಕಿವಿ ಮಾತ್ರ ಬೇರೆ ಏನನ್ನೋ ಕೇಳಿಸಿಕೊಳ್ಳುತ್ತಿರುತ್ತದೆ.

ತುಮಕೂರು, ಗುಬ್ಬಿ, ಕುಣಿಗಲ್, ಈ ಮೂರು ಊರುಗಳಲ್ಲಿ ಒಬ್ಬರೇ ಮಾಲೀಕರ ಮೂರು ಹೋಟೆಲುಗಳಿದ್ದವು. ಮೂರಕ್ಕೂ ಒಂದೇ ಹೆಸರು, ಒಂದೇ ಬಣ್ಣದ ಬೋರ್ಡು, ಒಂದೇ ರುಚಿಯ ಸಾಂಬಾರು. ಹೆಸರು ಇಲ್ಲಿ ಬೇಡ. ಜನ ಅವನ್ನು ‘ಸ್ಟೀಮ್ ಹೋಟ್ಲು’ ಎಂದೇ ಕರೆಯುತ್ತಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳಿಂದ ಎಂಬತ್ತರ ದಶಕ ಮುಗಿಯುವ ತನಕ ಅವುಗಳ ಬಾಯ್ಲರು, ಪೈಪು, ಒಲೆಗಳನ್ನು ನೋಡಿಕೊಂಡವನು ನಾನು. ನನ್ನ ಹೆಸರು ಅನ್ವರ್. ಹೋಟೆಲಿನವರಿಗೆ ‘ಸಾಬ್ರು’.

ತುಮಕೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಮೊದಲ ಹೋಟೆಲು ತೆರೆದಾಗ ನಾನಿನ್ನೂ ಇಬ್ರಾಹಿಂ ಉಸ್ತಾದರ ವೆಲ್ಡಿಂಗ್ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದೆ. ಊರಿಗೆ ಅದು ದೊಡ್ಡ ಸೋಜಿಗ. ಬಾಗಿಲಲ್ಲೇ ಟೋಕನ್ ಕೊಳ್ಳಬೇಕು, ಟೋಕನ್ ಕೊಟ್ಟರೆ ತಟ್ಟೆ ಕೈಗೆ ಬರುತ್ತದೆ, ಕುರ್ಚಿ ಇಲ್ಲ. ಕಡಪ ಕಲ್ಲಿನ ಎತ್ತರದ ಮೇಜಿಗೆ ಆತುಕೊಂಡು ನಿಂತೇ ತಿನ್ನಬೇಕು. ಬಸ್ಸು ಹಾರ್ನ್ ಹೊಡೆಯುವಷ್ಟರಲ್ಲಿ ತಿಂದು ಕೈ ತೊಳೆದು ಹತ್ತಿಬಿಡಬಹುದು. ಬೇರೆ ಹೋಟೆಲುಗಳಲ್ಲಿ “ಒಂದು ನಿಮಿಷ ಸ್ವಾಮಿ” ಎಂದು ಕೂಡಿಸಿ, ಆಮೇಲೆ ಮರೆತೇಬಿಡುತ್ತಿದ್ದ ಕಾಲ ಅದು.

“ನಿಂತ್ಕೊಂಡು ತಿನ್ನೋದು ದನ. ಮನುಷ್ಯ ಕೂತ್ಕೊಂಡು ತಿಂತಾನೆ,” ಎಂದು ನಮ್ಮ ಅಮ್ಮ ಬೈದರು. ಮನೆಯಲ್ಲಿ ನಾವಾಡುವುದು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೈಗುಳದ ಬಿಸಿ ಎರಡರಲ್ಲೂ ಒಂದೇ.

ಮದುವೆಯಾದ ಹೊಸತರಲ್ಲಿ ಅಮ್ಮನಿಗೆ ಹೇಳದೆ ಹೆಂಡತಿ ಜುಲೇಖಾಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಕುಣಿಗಲ್ಲಿನ ಹುಡುಗಿ, ಹೋಟೆಲಿಗೆ ಕಾಲಿಟ್ಟದ್ದೇ ಮೊದಲು. ಮೂಲೆಯ ಮೇಜಿನಲ್ಲಿ ಜನರಿಗೆ ಬೆನ್ನು ಮಾಡಿ ನಿಂತು, ಇಡ್ಲಿಯ ಅಂಚು ಮುರಿದು ಬಾಯಿಗಿಟ್ಟವಳು ನನ್ನ ಕಡೆ ತಿರುಗಿದಳು.

“ಇಷ್ಟು ಮೆತ್ತಗೆ ಹೆಂಗೆ ಮಾಡ್ತಾರೆ?”

“ಹಬೇಲಿ,” ಎಂದು ನಾನು ಗೋಡೆಯ ಕಡೆ ಬೆರಳು ತೋರಿಸಿದೆ, ಅದೇನೋ ನಾನೇ ಕಟ್ಟಿಸಿದ ಗೋಡೆ ಎಂಬಂತೆ.

ಗೋಡೆಯ ಹಿಂದಿನಿಂದ ಆಗಾಗ ‘ಬುಸ್’ ಎಂಬ ಸದ್ದು ಬರುತ್ತಿತ್ತು. ಮಕ್ಕಳು “ರೈಲು, ರೈಲು” ಎಂದು ನಗುತ್ತಿದ್ದವು. ನಾವೂ ನಕ್ಕೆವು. ಆ ವರ್ಷ ಎಷ್ಟೋ ಸಲ ಹೋದೆವು. ಹೋಟೆಲೊಂದರಲ್ಲಿ ಮನಸ್ಸು ಬಿಚ್ಚಿ ತಿಂದ ದಿನಗಳೆಂದರೆ ನನಗೆ ಅವೇ.

ಆಮೇಲೆ ಉಸ್ತಾದರಿಗೆ ಆ ಹೋಟೆಲಿನ ರಿಪೇರಿ ಕೆಲಸ ಸಿಕ್ಕಿತು. ಅವರು ನನ್ನನ್ನು ಗೋಡೆಯ ಹಿಂದಕ್ಕೆ ಕರೆದೊಯ್ದರು.

ತಗಡಿನ ಮಾಡು, ಸೌದೆಯ ರಾಶಿ, ನಡುವೆ ಆಳೆತ್ತರದ ಕಪ್ಪು ಕಬ್ಬಿಣದ ಕೊಳಗ, ಅದೇ ಬಾಯ್ಲರು. ಕೆಳಗೆ ಬೆಂಕಿ, ಮೇಲೆ ನೀರು. ಪಕ್ಕದಲ್ಲಿ ಒಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಅದರ ಮೇಲೆ ಒತ್ತಡ ತೋರಿಸುವ ಮುಳ್ಳಿನ ಮೀಟರು. ನೆತ್ತಿಯ ಮೇಲೊಂದು ಸೇಫ್ಟಿ ವಾಲ್ವು. ಒತ್ತಡ ಮಿತಿ ಮೀರಿದರೆ ಅದು ತಾನೇ ಎದ್ದು ಹಬೆ ಬಿಡುತ್ತದೆ. ನಾವು ಆಚೆ ನಿಂತು ರೈಲು ಎಂದು ನಕ್ಕಿದ್ದ ಸದ್ದು ಅದು.

ಉಸ್ತಾದ್ ಆ ಕೊಳಗದ ಮೈಮೇಲೆ, ಎಮ್ಮೆಯ ಬೆನ್ನು ಸವರುವವರ ಹಾಗೆ, ಕೈ ಆಡಿಸಿದರು.

“ಒಂದು ಬಕೆಟ್ ನೀರು ಹಬೆ ಆದ್ರೆ ನಮ್ಮ ಶೆಡ್ ತುಂಬಿ ಬಾಗಿಲಿಂದ ಆಚೆ ಬರತ್ತೆ, ಅನ್ವರ್. ಅಂಥಾದ್ದನ್ನ ಇದರೊಳಗೆ ಕೂಡಿ ಹಾಕಿದೀವಿ. ಅದು ಯಾವಾಗ್ಲೂ ದಾರಿ ಹುಡುಕ್ತಾ ಇರತ್ತೆ. ನಾವು ಕೊಟ್ಟ ದಾರಿ ಮುಚ್ಚಿದ್ರೆ ತನ್ನ ದಾರಿ ತಾನೇ ಮಾಡ್ಕೊಳ್ಳತ್ತೆ.”

“ಗೋಡೆ ಇದೆಯಲ್ಲ ಉಸ್ತಾದ್?”

ಅವರು ಗೋಡೆಯನ್ನೊಮ್ಮೆ ನೋಡಿದರು. ಒಂದು ಇಟ್ಟಿಗೆ ದಪ್ಪದ ಗೋಡೆ. ಅದರಾಚೆ ಕಡಪ ಕಲ್ಲಿನ ಮೇಜುಗಳು, ಅವುಗಳಿಗೆ ಆತು ನಿಂತ ಜನ.

“ಗೋಡೆ ಹೊಗೆ ತಡಿಯೋಕೆ,” ಎಂದರು.

ನೀರು ಇಳಿದುಹೋದರೆ ಏನು ಮಾಡಬೇಕೆಂದು ಅವತ್ತೇ ಕಲಿಸಿದರು. ಕೆಂಪಗೆ ಕಾದ ತಗಡಿನ ಮೇಲೆ ತಣ್ಣೀರು ಬಿಟ್ಟರೆ ಅಷ್ಟೂ ಒಮ್ಮೆಗೇ ಹಬೆಯಾಗುತ್ತದೆ. ಆದ್ದರಿಂದ ನೀರು ಬಿಡಕೂಡದು. ಹೆದರಿ ವಾಲ್ವು ಕಿತ್ತು ತೆಗೆಯಕೂಡದು. ಬೆಂಕಿ ಎಳೆಯಬೇಕು, ಜನರನ್ನು ಕಳಿಸಬೇಕು, ತಾನೂ ದೂರ ಹೋಗಿ ಅದು ತಣ್ಣಗಾಗುವುದನ್ನು ಕಾಯಬೇಕು. ಇದನ್ನು ಅವರು ನನ್ನ ಬಾಯಲ್ಲಿ ಮಗ್ಗಿಯಂತೆ ಹೇಳಿಸಿದರು. ಹೇಳುವಾಗ ನನಗೆ ಅಷ್ಟೇನೂ ಹೆದರಿಕೆ ಆಗಲಿಲ್ಲ. ಬಾಯಿಪಾಠದಿಂದ ಹೆದರಿಕೆ ಬರುವುದಿಲ್ಲ.

ಅದು ಬಂದದ್ದು ಗುಬ್ಬಿಯಲ್ಲಿ. ಅಷ್ಟರಲ್ಲಿ ಗುಬ್ಬಿ, ಕುಣಿಗಲ್ಲುಗಳಲ್ಲೂ ಹೋಟೆಲು ಶುರುವಾಗಿ, ಮಾಲೀಕರು ನನ್ನನ್ನು ಕಾಯಂ ಕೆಲಸಕ್ಕೆ ತೆಗೆದುಕೊಂಡಿದ್ದರು. ಅವರನ್ನು ನಾವೆಲ್ಲ ರಾಯರು ಎನ್ನುತ್ತಿದ್ದೆವು. ಬಿಳಿ ಪಂಚೆಯ ಸಣ್ಣಾಳು, ಮಾತು ಕಡಿಮೆ, ಮೂರೂ ಊರು ಸುತ್ತುತ್ತ ಯಾವ ಊರಿನಲ್ಲಿದ್ದರೂ ಗಿರಾಕಿಗಳ ನಡುವೆಯೇ ನಿಂತು ತಿಂಡಿ ತಿನ್ನುವವರು.

ಗುಬ್ಬಿಯಲ್ಲಿ ಸಂತೆಯ ದಿನ. ನೀರಿನ ಗಾಜಿನ ಬುಡದಲ್ಲಿ ಸಣ್ಣಗೆ ಸೋರುತ್ತಿದೆ ಎಂದು ಬಗ್ಗಿ ನೋಡುತ್ತಿದ್ದೆ. ಸ್ಪ್ಯಾನರ್ ಕೆಳಗೆ ಬಿದ್ದಿತ್ತು, ಎತ್ತಿಕೊಳ್ಳಲು ತಲೆ ತಗ್ಗಿಸಿದೆ. ಅದೇ ಗಳಿಗೆಗೆ ಗಾಜು ಸಿಡಿಯಿತು. ಪಟಾಕಿಯಂಥ ಸದ್ದು, ಕೂಡಲೇ ಬಿಳಿ ಹಬೆ, ಕಣ್ಣು ಕಾಣಲಿಲ್ಲ. ತಡವಿಕೊಂಡು ಹೋಗಿ ಗಾಜಿನ ಮೇಲಿನ, ಕೆಳಗಿನ ತಿರುಪುಗಳನ್ನು ಮುಚ್ಚಿದೆ. ಹಬೆ ತಿಳಿಯಾದಾಗ ನೋಡಿದರೆ ನನ್ನ ಮುಖವಿದ್ದ ಎತ್ತರಕ್ಕೆ ಸರಿಯಾಗಿ ಎದುರಿನ ಬಾಗಿಲ ಚೌಕಟ್ಟಿನಲ್ಲಿ ಗಾಜಿನ ಚೂರುಗಳು ಮುಳ್ಳಿನಂತೆ ನೆಟ್ಟುಕೊಂಡಿದ್ದವು. ಚೂರು ಬಿದ್ದಿರಬಹುದೆಂದು ತೆರೆದಿಟ್ಟ ಚಟ್ನಿ ಪಾತ್ರೆಯನ್ನು ಹಾಗೇ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದೆ.

ಆಮೇಲೆ ಯಾರೋ ಕಾಫಿ ಕೊಟ್ಟರು. ಜನ ತಿನ್ನುವ ಕಡೆ ಬಂದು ನಿಂತೆ. ಒಬ್ಬಾಕೆ ಅಡಿಗೆಮನೆಯ ಗೋಡೆಗೇ ಬೆನ್ನು ಕೊಟ್ಟು ನಿಂತು ಸೊಂಟದ ಮೇಲಿನ ಮಗುವಿಗೆ ಇಡ್ಲಿ ಕಿವುಚಿ ತಿನ್ನಿಸುತ್ತಿದ್ದರು. ಮಗು ತಲೆ ಹಿಂದಕ್ಕೆ ಹಾಕಿ ಗೋಡೆಗೆ ಮೆಲ್ಲಗೆ ಕುಟ್ಟುತ್ತಿತ್ತು. ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಹತ್ತಿರ ಹೋದೆ. “ಅಮ್ಮಾ, ಆ ಕಡೆ ಗಾಳಿ ಚೆನ್ನಾಗಿ ಬರ್ತದೆ, ಬಾಗಿಲ ಹತ್ರ ನಿಂತ್ಕೊಳ್ಳಿ,” ಎಂದೆ. ಆಕೆ ಅನುಮಾನದಿಂದ ನೋಡಿ, ಅಲ್ಲೇ ನಿಂತರು.

ಆವತ್ತಿನಿಂದ ಆ ಹೋಟೆಲುಗಳಲ್ಲಿ ತಿನ್ನುವುದು ನನ್ನಿಂದ ಆಗಲಿಲ್ಲ. ಕೆಲಸವಂತೂ ಅಲ್ಲೇ. ಬಾಯ್ಲರಿನ ಪಕ್ಕ ನಿಂತಾಗ ಅಷ್ಟು ಭಯವಿರುತ್ತಿರಲಿಲ್ಲ, ಮುಳ್ಳು ಕಣ್ಣೆದುರಿಗೇ ಇರುತ್ತಿತ್ತು. ಗೋಡೆಯ ಈಚೆ ತಟ್ಟೆ ಹಿಡಿದು ನಿಂತರೆ ಮಾತ್ರ ಒಂದು ತುತ್ತೂ ಮುರಿಯದೆ ತಟ್ಟೆಯನ್ನು ಹಾಗೇ ಇಟ್ಟು ಹೊರಗೆ ಹೋಗಿಬಿಡುತ್ತಿದ್ದೆ. ಮನೆಯಿಂದ ರೊಟ್ಟಿ ಕಟ್ಟಿಸಿಕೊಂಡು ಹೋಗಿ ಹೊರಗೆ ಮರದ ಕೆಳಗೆ ತಿನ್ನತೊಡಗಿದೆ.

ಆ ದಿನಗಳ ಒಂದು ಫಜೀತಿ ಹೇಳುತ್ತೇನೆ. ತುಮಕೂರಿನ ಹೋಟೆಲಿನಲ್ಲಿ ಒಂದು ಬೆಳಿಗ್ಗೆ ಜನ ತಿನ್ನುವ ಕಡೆ ನಿಂತು ಪೈಪ್ ನೋಡುತ್ತಿದ್ದಾಗ, ಹಿಂದೆಂದೂ ಕೇಳದಷ್ಟು ಜೋರಾಗಿ ‘ಬುಸ್ಸ್’ ಎಂದಿತು. ನಾನು ಯೋಚಿಸಲೇ ಇಲ್ಲ. ಪಕ್ಕದಲ್ಲಿ ದೋಸೆ ತಿನ್ನುತ್ತಿದ್ದ ಹಿರಿಯರ ರಟ್ಟೆ ಹಿಡಿದು ಬೀದಿಯವರೆಗೆ ಎಳೆದುಕೊಂಡು ಓಡಿದೆ. ಹೊರಗೆ ಬಂದು ನೋಡಿದರೆ, ಬಾಗಿಲೆದುರು ಬಂದು ನಿಂತ ಲಾರಿಯ ಗಾಳಿ ಬ್ರೇಕಿನ ಸದ್ದು ಅದು. ಹಿಡಿದಿದ್ದ ರಟ್ಟೆ ಹೈಸ್ಕೂಲ್ ಹೆಡ್ಮಾಸ್ತರದು. ಪಂಚೆಯ ತುಂಬ ಸಾಂಬಾರು.

“ಏನಯ್ಯಾ ಇದು? ಹಣ ಕೊಟ್ಟು ತಿಂತಾ ಇದ್ದೀನಿ, ಕದ್ದು ತಿಂತಾ ಇಲ್ಲ!” ಎಂದು ಅವರು ಬೀದಿಯಲ್ಲಿ ಕೂಗಾಡಿದರು.

ಉಸ್ತಾದರಿಗೆ ಸುದ್ದಿ ಮುಟ್ಟಿತು. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. “ಹೆದರಿಕೆ ಇರ್ಲಿ. ಅದು ಇಲ್ದೋನು ಈ ಕೆಲಸಕ್ಕೆ ಬೇಡ. ಆದ್ರೆ ಮೊದಲು ನೋಡು, ಆಮೇಲೆ ಓಡು,” ಎಂದರು. ಅದಾಗಿ ಸ್ವಲ್ಪ ಕಾಲಕ್ಕೆ ಅವರ ಕಣ್ಣು ಮಂಜಾಗಿ ಶೆಡ್ಡು ಮುಚ್ಚಿ ಮನೆಯಲ್ಲಿ ಕೂತರು. ಮೂರು ಹೋಟೆಲಿನ ಬಾಯ್ಲರುಗಳಿಗೆ ನಾನೊಬ್ಬನೇ ಉಳಿದೆ.

ಹೊಸಬರು ತಿಳಿದಿರಬೇಕಾದ್ದು, ಇಂಥ ಸಣ್ಣ ಬಾಯ್ಲರುಗಳನ್ನು ಪರೀಕ್ಷೆ ಮಾಡಲು ಆಗ ನಮ್ಮ ಕಡೆ ಯಾರೂ ಬರುತ್ತಿರಲಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಒಳಗೆಲ್ಲ ಸುಣ್ಣದಂತೆ ಕಟ್ಟಿಕೊಳ್ಳುತ್ತಿತ್ತು, ಗಾಜು ಮಸುಕಾಗುತ್ತಿತ್ತು. ಉಳಿ ಹಿಡಿದು ಕೆರೆಯುತ್ತಿದ್ದೆ. ಗುಬ್ಬಿಯ ವಾಲ್ವು ತುಕ್ಕು ಹಿಡಿದಿದೆ ಎಂದು ರಾಯರಿಗೆ ಹೇಳಿದಾಗ ಮರುವಾರವೇ ಹೊಸದು ತರಿಸಿದರು. ಕೆಟ್ಟವರಲ್ಲ. ಆದರೆ ಗೋಡೆಯನ್ನು ದಪ್ಪ ಮಾಡಿಸಿ, ಮೇಜುಗಳನ್ನು ಆ ಕಡೆಯಿಂದ ಸರಿಸಿ ಎಂದರೆ, “ಜಾಗ ಎಲ್ಲಿದೆ ಸಾಬ್ರೇ?” ಎನ್ನುತ್ತಿದ್ದರು. ಜಾಗ ನಿಜಕ್ಕೂ ಇರಲಿಲ್ಲ. ದಿನದಿನಕ್ಕೂ ಜನ ಹೆಚ್ಚಾಗುತ್ತಿದ್ದರು. ಶನಿವಾರ ಬಂತೆಂದರೆ ದೇವರಾಯನದುರ್ಗಕ್ಕೆ ಹೋಗುವವರೆಲ್ಲ ತುಮಕೂರಿನ ಹೋಟೆಲಿನಲ್ಲೇ ಬೆಳಗಿನ ತಿಂಡಿ.

ಜುಲೇಖಾಳಿಗೆ ನಾನು ಇದೊಂದನ್ನೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಬಿಡಿ ಎನ್ನುತ್ತಾಳೆ. ಅವಳೂ ಮಗಳು ನಸೀಮಾಳೂ ಹೋಟೆಲಿಗೆ ಹೋಗೋಣ ಎಂದಾಗಲೆಲ್ಲ ಹೊಟ್ಟೆ ಸರಿಯಿಲ್ಲ ಎಂದೋ, ಎಣ್ಣೆ ಸರಿಯಿಲ್ಲ ಎಂದೋ ನೆಪ ಹೇಳುತ್ತಿದ್ದೆ. ನನಗೆ ಜಿಪುಣತನ ಅಂಟಿದೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಎಂಬತ್ತರ ದಶಕದ ಮೊದಲಲ್ಲಿ, ಜುಲೇಖಾಳ ಅಕ್ಕನ ಮನೆಗೆಂದು ಮೂವರೂ ಬೆಳಗಿನ ಬಸ್ಸಿಗೆ ಕುಣಿಗಲ್ಲಿಗೆ ಹೋದೆವು. ಇಳಿದ ಜಾಗದ ಎದುರಿಗೇ ನಮ್ಮ ಹೋಟೆಲು. ನಸೀಮಾ ಹಸಿವು ಎಂದಳು.

“ಅಕ್ಕನ ಮನೇಲಿ ತಿಂದ್ರಾಯ್ತು,” ಎಂದೆ.

ಜುಲೇಖಾ ಬೀದಿಯಲ್ಲೇ ನಿಂತುಬಿಟ್ಟಳು. “ಮೂರು ಊರಿನ ಹೋಟ್ಲು ಒಲೆ ರಿಪೇರಿ ಮಾಡ್ತೀರ. ಹೆಂಡ್ತಿ ಮಗೂಗೆ ಒಂದಿನ ಒಂದು ತಟ್ಟೆ ಇಡ್ಲಿ ಕೊಡ್ಸಲ್ಲ. ಜನ ಕೇಳಿದ್ರೆ ಏನಂತಾರೆ?”

ಸೋತೆ. ಬಾಗಿಲ ಹತ್ತಿರದ ಮೇಜೇ ಬೇಕೆಂದು ಹಟ ಹಿಡಿದು ಅಲ್ಲಿ ನಿಲ್ಲಿಸಿದೆ. ಹೋಟೆಲು ತುಂಬಿತ್ತು. ಬೆಂಗಳೂರು ಬಸ್ಸು, ಹಾಸನದ ಬಸ್ಸು ಎರಡೂ ಬಂದು ನಿಂತಿದ್ದವು, ಜನ ಒಬ್ಬರ ಮೈಮೇಲೊಬ್ಬರು ನಿಂತು ತಿನ್ನುತ್ತಿದ್ದರು. ನಸೀಮಾ ಚಟ್ನಿಯಲ್ಲಿ ಬೆರಳು ಅದ್ದಿ ನೆಕ್ಕುತ್ತಿದ್ದಳು. ನಾನು ಒಂದು ತುತ್ತು ಮುರಿದೆ. ಆಗ ಏನೋ ಸರಿಯಿಲ್ಲ ಅನ್ನಿಸಿತು.

ಸದ್ದಿಲ್ಲ.

ಅಷ್ಟು ಜನರಿಗೆ ಇಡ್ಲಿ ಬೇಯುವಾಗ ವಾಲ್ವು ಆಗಾಗ ಹಬೆ ಬಿಡಲೇಬೇಕು. ಕಿವಿ ಕೊಟ್ಟು ಕಾದೆ. ತಟ್ಟೆಗಳ ಸದ್ದು, ಜನರ ಮಾತು, ಟೋಕನ್ ಕರೆಯುವವನ ಕೂಗು. ಗೋಡೆಯ ಹಿಂದಿನಿಂದ ಏನೂ ಇಲ್ಲ. ಇಷ್ಟು ವರ್ಷ ಯಾವ ಸದ್ದಿಗೆ ಹೆದರಿದ್ದೆನೋ, ಅದಕ್ಕಾಗಿ ಅಲ್ಲಿ ನಿಂತು ಬೇಡಿಕೊಂಡೆ.

“ಇಲ್ಲೇ ಇರು, ಬಂದೆ,” ಎಂದು ಹಿಂದಕ್ಕೆ ಹೋದೆ.

ಅಲ್ಲಿ ದಿನವೂ ಬಾಯ್ಲರಿಗೆ ಬೆಂಕಿ ಹಾಕಿ ನೀರು ಬಿಡುತ್ತಿದ್ದವನು ನಂಜಪ್ಪ. ಕುಣಿಗಲ್ ಕಡೆಯ ಹಳ್ಳಿಯವನು, ನನ್ನದೇ ವಯಸ್ಸು, ಬಲವಾದ ಆಳು. ನನ್ನನ್ನು ನೋಡಿ ಹಲ್ಲು ಬಿಟ್ಟ. “ಏನ್ ಸಾಬ್ರೆ, ರಜಾ ದಿವ್ಸ ಬಂದ್‌ಬುಟ್ರಿ?”

ನಾನು ಮೇಲೆ ನೋಡಿದೆ. ಸೇಫ್ಟಿ ವಾಲ್ವು ಏಳದಂತೆ ಅದರ ಕಂಬಿಯನ್ನು ಕಟ್ಟುತಂತಿಯಿಂದ ಬಿಗಿದು, ಅದರ ತುದಿಗೆ ಒಂದು ಗುಂಡುಕಲ್ಲು ನೇತುಹಾಕಿದ್ದರು.

“ಯಾರು ಕಟ್ಟಿದ್ದು ಇದನ್ನ?”

“ಮ್ಯಾನೇಜರ್ರು ಕಟ್ಸುದ್ರು. ಹಬೆ ಎಲ್ಲಾ ಗಾಳಿಗೆ ಹೋಯ್ತದೆ, ಇಡ್ಲಿ ಲೇಟ್ ಆಯ್ತದೆ ಅಂತ. ನಾನು ಬ್ಯಾಡ ಅಂದೆ ಕಣ್ರಣ್ಣ.”

ಮುಳ್ಳು ಮೀಟರಿನ ಕೊನೆಯ ಗೂಟಕ್ಕೆ ಹೋಗಿ ಒತ್ತಿಕೊಂಡು ನಿಂತಿತ್ತು. ನೀರಿನ ಗಾಜನ್ನು ಹೆಬ್ಬೆರಳಿನಿಂದ ಉಜ್ಜಿದೆ. ಒಳಗಿನ ಮಸುಕಿನಲ್ಲಿ ನೀರಿನ ಗೆರೆ ಎಲ್ಲೂ ಕಾಣಲಿಲ್ಲ.

“ನೀರು ಬುಡಾಣ ಅಂತಿದ್ದೆ, ಅಷ್ಟ್ರಲ್ಲಿ ನೀವು ಬಂದ್ರಿ,” ಎಂದು ನಂಜಪ್ಪ ನೀರಿನ ತಿರುಪಿಗೆ ಕೈ ಹಾಕಿದ.

“ಕೈ ತೆಗಿ!” ಎಂದು ನಾನು ಕಿರುಚಿದ್ದು ನನಗೇ ಗುರುತು ಸಿಗದ ದನಿಯಲ್ಲಿ. ಅವನು ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದ. ನನ್ನ ಮುಖ ನೋಡಿ ಅವನಿಗೆ ಎಲ್ಲ ತಿಳಿಯಿತು. ಅವನ ಮುಖ ಬಿಳಿಚಿಕೊಂಡಿತು.

ತಂತಿಯನ್ನು ಕತ್ತರಿಸಬೇಕೆಂದು ಕೈ ತುರಿಸುತ್ತಿತ್ತು. ಒಮ್ಮೆಲೇ ಹಬೆ ಹೊರಗೆ ನುಗ್ಗಿದರೆ ಒಳಗೆ ಏನಾಗುತ್ತದೋ ಎಂಬ ಉಸ್ತಾದರ ಪಾಠ ಕೈ ತಡೆಯಿತು. ಆ ಗುಂಡುಕಲ್ಲು ತಲೆಯ ಮೇಲೆ ತೂಗುತ್ತಿದ್ದಂತೆಯೇ ಬಿಟ್ಟು ಅದರ ಕೆಳಗೆ ಕೆಲಸ ಮಾಡುವುದಿದೆಯಲ್ಲ, ಅದಕ್ಕಿಂತ ದೊಡ್ಡ ಭಯವನ್ನು ನಾನು ಆಮೇಲೆ ಕಂಡಿಲ್ಲ. “ಬೆಂಕಿ ಎಳಿ, ನಂಜಪ್ಪ. ಪಕ್ಕಕ್ಕೆ ನಿಂತ್ಕೊಂಡು ಎಳಿ,” ಎಂದು ಹೇಳಿ ಜನರಿದ್ದ ಕಡೆ ಓಡಿದೆ.

ಮ್ಯಾನೇಜರು ಕಲ್ಯಾಣಿ ಎಂಬಾತ, ತೆಳ್ಳಗೆ ಮೀಸೆ ಬಿಟ್ಟ ಯುವಕ. ಕಿವಿಯಲ್ಲಿ ಹೇಳಿದೆ.

“ಈಗ್ಲಾ? ರಶ್ ಟೈಮು ಸಾಬ್ರೇ. ಹಿಂಗೇ ಹೇಳಿ ಹೇಳಿ ಎಷ್ಟ್ ಸಲ ಹೆದರಿಸ್ತೀರ?” ಎಂದ.

ಅವನೊಡನೆ ವಾದಿಸುವ ಹೊತ್ತಲ್ಲ. ಬಾಯ್ಲರು ಸಿಡಿಯುತ್ತದೆ ಎಂದು ಕೂಗಿದರೆ ಒಂದೇ ಬಾಗಿಲಿಗೆ ಎಲ್ಲರೂ ಮುಗಿಬಿದ್ದು ಮಕ್ಕಳು ತುಳಿತಕ್ಕೆ ಸಿಗುತ್ತಾರೆ. ಏನು ಮಾಡಲೂ ತೋಚದೆ ಜುಲೇಖಾಳ ಹತ್ತಿರ ಹೋಗಿ, “ಮಗೂನ ಎತ್ಕೊಂಡು ರಸ್ತೆ ಆ ಕಡೆ ಹೋಗು. ಬಾಯ್ಲರು ಒಡೆಯೋ ಹಂಗಿದೆ. ಇವರನ್ನೆಲ್ಲ ಹೆಂಗೆ ಕಳಿಸ್ಲಿ?” ಎಂದೆ.

ಅವಳು ನಸೀಮಾಳನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ಬಾಗಿಲಿಗೆ ಹೋಗಿ, ಒಳಗೆ ತಿರುಗಿ ಬಾಯಿ ತುಂಬ ಕೂಗಿದಳು:

“ಬೆಂಗಳೂರು ಬಸ್ಸು ಹೊರಟ್ತು! ಹಾಸನ್ದ ಬಸ್ಸೂ ಹೊರಟ್ತು! ಬೇಗ ಬನ್ನಿ, ಬೇಗ!”

ಹೋಟೆಲಿನಲ್ಲಿ ತಿನ್ನುವ ಜನಕ್ಕೆ ದಿನಾ ಬಸ್ಸಿಗೆ ಓಡಿ ಅಭ್ಯಾಸ. ತಟ್ಟೆ ಇಟ್ಟು, ಚೀಲ ಎತ್ತಿ, ಒಬ್ಬರ ಹಿಂದೊಬ್ಬರು ಸರಸರ ನಡೆದರು. ಹೊರಗೆ ಬಂದು ಬಸ್ಸು ನಿಂತಲ್ಲೇ ಇರುವುದನ್ನು ಕಂಡು ಅವಳನ್ನು ಬೈದರು. ಬೈಸಿಕೊಳ್ಳುತ್ತಲೇ ಅವರನ್ನು ರಸ್ತೆಯಾಚೆಗೆ ನಡೆಸಿದಳು. ಒಳಗೆ ಒಬ್ಬ ಮುದುಕರು ಮಾತ್ರ ಗೋಡೆಯ ಪಕ್ಕದ ಮೇಜಿನಲ್ಲಿ ನಿಧಾನವಾಗಿ ಸಾಂಬಾರು ಸುರಿದುಕೊಳ್ಳುತ್ತಿದ್ದರು. “ನಂದು ಈ ಊರೇ ಕಣಮ್ಮ, ನನಗ್ಯಾವ ಬಸ್ಸು?” ಎಂದರು. ಜುಲೇಖಾ ಮಗುವನ್ನು ಯಾರದೋ ಕೈಗೆ ಕೊಟ್ಟು ಒಳಗೆ ಹೋಗಿ ಅವರ ತಟ್ಟೆಯನ್ನೇ ಎತ್ತಿಕೊಂಡು ನಡೆದಳು. ಮುದುಕರು “ಏಯ್, ಏಯ್” ಎನ್ನುತ್ತ ತಟ್ಟೆಯ ಹಿಂದೆಯೇ ಬಂದರು.

ನಾನು ಅಡಿಗೆಯವರನ್ನು ಹಿತ್ತಿಲ ಬಾಗಿಲಿನಿಂದ ಅಟ್ಟಿ ನಂಜಪ್ಪನ ಹತ್ತಿರ ಓಡಿದೆ. ಅವನು ಉದ್ದನೆ ಕೊಕ್ಕೆಯಲ್ಲಿ ಉರಿಯುವ ಸೌದೆಗಳನ್ನು ಎಳೆದು ಎಳೆದು ಅಂಗಳಕ್ಕೆ ಎಸೆಯುತ್ತಿದ್ದ. ಕೊಳಗದ ಒಳಗಿನಿಂದ ಹಲ್ಲು ಕಡಿದಂಥ ಸದ್ದು ಬರತೊಡಗಿತ್ತು.

“ಸಾಕು ಬಾ, ಓಡೋಣ!”

“ಒಂದು ದಪ್ಪ ಕೊಳ್ಳಿ ಐತೆ ಸಾಬ್ರೆ, ಒಳಗಡೆ. ಅದು ಇದ್ರೆ ಕಾವು ಇಳಿಯಾಕಿಲ್ಲ. ನೀವು ನಡೀರಿ.”

ಅವನು ಆ ಕೊಳ್ಳಿಗೆ ಎಟುಕಲು ಒಲೆಯ ಬಾಗಿಲಿನ ನೇರಕ್ಕೆ ಒಂದು ಹೆಜ್ಜೆ ಸರಿದ. ಅವನ ಅಂಗಿ ಹಿಡಿದು ಎಳೆಯಲು ನಾನು ಕೈ ಚಾಚಿದ್ದು ನೆನಪಿದೆ. ಕೈಗೆ ಬಟ್ಟೆ ಸಿಕ್ಕಿದ್ದೂ ನೆನಪಿದೆ. ಆಮೇಲೆ ನೆಲವೇ ಎದ್ದು ಬಡಿದಂತಾಯಿತು.

ಕಿವಿಯೊಳಗೆ ಬರೀ ಗುಂಯ್ ಎನ್ನುವ ಮೌನ. ಕಣ್ಣು ಬಿಟ್ಟರೆ ತಲೆಯ ಮೇಲೆ ತಗಡಿನ ಬದಲು ಆಕಾಶ. ಬಾಯ್ಲರಿನ ತಳದ ತಗಡು ಬಾಗಿ ಹರಿದು ಹಬೆ ಬೆಂಕಿಬಾಗಿಲಿನಿಂದ ಹೊರಗೆ ನುಗ್ಗಿತ್ತು. ಬಾಯ್ಲರು ಕಿತ್ತುಕೊಂಡು ಎದ್ದು ಗೋಡೆಯ ಮೇಲೆ ಬಿದ್ದಿತ್ತು. ಗೋಡೆ ಇರಲಿಲ್ಲ. ಅದು ಇದ್ದ ಕಡೆಯಿಂದ ಜನ ತಿನ್ನುವ ಜಾಗ ಕಾಣುತ್ತಿತ್ತು, ಬಿಳಿ ಹಬೆಯೊಳಗೆ ಕಡಪ ಕಲ್ಲುಗಳು ಎರಡು ಮೂರು ತುಂಡಾಗಿ ಬಿದ್ದಿದ್ದವು. ಮುದುಕರು ನಿಂತಿದ್ದ ಜಾಗದ ಮೇಲೆ ಇಟ್ಟಿಗೆಯ ರಾಶಿ.

ನಂಜಪ್ಪ ನನ್ನ ಪಕ್ಕದಲ್ಲೇ ಬಿದ್ದಿದ್ದ. ನಾನು ಎಳೆದದ್ದರಿಂದ ಹಬೆಯ ಎದುರಿಗೆ ಪೂರ್ತಿ ಸಿಕ್ಕಿರಲಿಲ್ಲ. ಆದರೆ ಬಲಗೈಯೂ ಎದೆಯ ಒಂದು ಪಕ್ಕವೂ ಬೆಂದಿದ್ದವು. ಚರ್ಮ ಹೇಗಿತ್ತೆಂದು ಬರೆಯಲಾರೆ. ಅವನು ಅಳಲಿಲ್ಲ. “ಜನ ಹೋಗಿದ್ರಾ?” ಎಂದು ಮಾತ್ರ ಕೇಳಿದ. ಅವನ ತುಟಿ ನೋಡಿ ನಾನು ಅದನ್ನು ತಿಳಿದುಕೊಂಡೆ, ಕಿವಿ ಇನ್ನೂ ಕೇಳಿಸುತ್ತಿರಲಿಲ್ಲ.

“ಎಲ್ಲರೂ ಹೋಗಿದ್ರು,” ಎಂದೆ.

ನಂಜಪ್ಪ ತುಮಕೂರಿನ ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದ. ಬದುಕುತ್ತಾನೋ ಇಲ್ಲವೋ ಎಂದು ಡಾಕ್ಟರೂ ಹೇಳಲಾರದ ದಿನಗಳಿದ್ದವು. ಜುಲೇಖಾ ಪ್ರತಿದಿನ ಗಂಜಿ ಕಳಿಸುತ್ತಿದ್ದಳು. ಅವಳು ನನ್ನನ್ನು ಕೆಲಸ ಬಿಡಿ ಎನ್ನಲಿಲ್ಲ. ಆದರೆ ಎಷ್ಟೋ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಕೊನೆಗೊಂದು ಸಂಜೆ, “ಇಷ್ಟು ವರ್ಷ ಇಂಥಾದ್ದರ ಪಕ್ಕ ನಿಂತು ಮನೆಗೆ ಬಂದು ಹೊಟ್ಟೆ ಸರಿಯಿಲ್ಲ ಅಂತಿದ್ರಿ. ನಾನು ನಿಮ್ಮನ್ನ ಜಿಪುಣ ಅಂದುಕೊಂಡೆ,” ಎಂದು ಹೇಳಿ ಅತ್ತಳು.

ಕುಣಿಗಲ್ಲಿನಲ್ಲಿ ಬಿದ್ದ ಗೋಡೆಯ ಮುಂದೆ ರಾಯರು ನಿಂತದ್ದನ್ನು ನಾನು ನೋಡಿದ್ದೇನೆ. ಕಲ್ಯಾಣಿ ಆಗಲೇ ಊರು ಬಿಟ್ಟಿದ್ದ. ರಾಯರು ಇಟ್ಟಿಗೆಯೊಂದನ್ನು ಎತ್ತಿ ನೋಡಿ ಕೆಳಗಿಟ್ಟರು.

“ನಾನು ಬಂದಾಗಲೆಲ್ಲ ಇಲ್ಲೇ ನಿಂತು ತಿಂತಿದ್ದೆ,” ಎಂದರು.

“ಹೌದು ರಾಯರೇ, ನೋಡಿದ್ದೀನಿ.”

“ನೀವು ಯಾವತ್ತೂ ತಿನ್ನುತ್ತಿರಲಿಲ್ಲ. ಮರದ ಕೆಳಗೆ ಹೋಗಿ ರೊಟ್ಟಿ ತಿಂತಿದ್ರಿ. ನಮ್ಮ ಊಟ ನಿಮಗೆ ಸೇರಲ್ವೇನೋ, ನಿಮ್ಮ ಪದ್ಧತಿ ಬೇರೆ ಇರಬಹುದು ಅಂದ್ಕೊಂಡು ಸುಮ್ನಾದೆ. ಒಂದು ಸಲ ಕೇಳಬೇಕಿತ್ತು.”

ಗೋಡೆ, ಮೇಜು ಎಂದೆಲ್ಲ ನಾನು ಹೇಳಿದ್ದು ಅವರಿಗೂ ನೆನಪಿತ್ತು, ನನಗೂ ನೆನಪಿತ್ತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ನಂಜಪ್ಪನ ಆಸ್ಪತ್ರೆಯ ಜವಾಬ್ದಾರಿಯನ್ನು ಅವರು ಕೊನೆಯವರೆಗೂ ಹೊತ್ತರು. ಉಳಿದ ಎರಡು ಊರಿನ ಬಾಯ್ಲರುಗಳನ್ನೂ ಅವತ್ತೇ ನಿಲ್ಲಿಸಿದರು. ಹೊಸ ಬಾಯ್ಲರು ಬಂದಾಗ ಯಾರೂ ಕಟ್ಟಲಾಗದಂತೆ ಮುಚ್ಚಳವಿಟ್ಟು ಬೀಗ ಹಾಕಿದ ವಾಲ್ವು ಬಂತು, ಹಿತ್ತಿಲಲ್ಲಿ ಬಾಯ್ಲರಿಗೆಂದೇ ಬೇರೆ ಮನೆ ಕಟ್ಟಿಸಿದರು, ವರ್ಷಕ್ಕೊಮ್ಮೆ ತಣ್ಣೀರು ತುಂಬಿ ಒತ್ತಿ ಪರೀಕ್ಷೆ ಮಾಡುವುದು ಕಡ್ಡಾಯವಾಯಿತು. ಬೀಗದ ಕೈ ನನ್ನ ಹತ್ತಿರ ಮಾತ್ರ.

ಹೆದರಿಕೆ ಹೋಯಿತೇ ಎಂದರೆ, ಇಲ್ಲ. ಅದರ ರೂಪ ಬದಲಾಯಿತು. ಎಂಬತ್ತರ ದಶಕದ ಕೊನೆಗೆ ಸೌದೆ ಹೋಗಿ ಗ್ಯಾಸು ಬಂತು. ಸಿಲಿಂಡರುಗಳು ಸಾಲಾಗಿ ಬಂದು ನಿಂತವು. ತುಮಕೂರಿನ ಬೋರ್ಡಿನ ಮೇಲೆ ‘ಫಾಸ್ಟ್ ಫುಡ್’ ಎಂದು ಬರೆಸಿದರು, ಕಾಲೇಜಿನ ಹುಡುಗರು ತುಂಬಿದರು. ಹಬೆ ಸದ್ದು ಮಾಡುತ್ತದೆ, ಮುಳ್ಳು ತೋರಿಸುತ್ತದೆ. ಗ್ಯಾಸಿಗೆ ಸದ್ದೂ ಇಲ್ಲ, ಬಣ್ಣವೂ ಇಲ್ಲ. ಸೋರಿದರೆ ನೆಲದ ಮೇಲೆ ಹಾವಿನಂತೆ ಹರಿದು ಬೆಂಕಿ ಹುಡುಕುತ್ತದೆ. ಆ ವಯಸ್ಸಿನಲ್ಲಿ ಮೂಗಿನಿಂದ ಹೆದರುವುದನ್ನು ಕಲಿಯಬೇಕಾಯಿತು. ಪೈಪಿನ ಗಂಟುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೋ ಎಂದು ನೋಡುವುದು ಬೆಳಗಿನ ಮೊದಲ ಕೆಲಸವಾಯಿತು. ಈಗಿನವರು ಸೋರಿಕೆ ಹಿಡಿಯುವ ಯಂತ್ರ ಇಟ್ಟಿದ್ದಾರೆ, ಒಳ್ಳೆಯದೇ. ಆದರೂ ನೊರೆ ಹಚ್ಚುವುದನ್ನು ಬಿಡಬೇಡಿ.

ಮೈ ವಾಸಿಯಾದ ಮೇಲೆ ನಂಜಪ್ಪ ಒಲೆಯ ಕಡೆ ಹೋಗಲಿಲ್ಲ. ರಾಯರು ತುಮಕೂರಿನ ಹೋಟೆಲಿನಲ್ಲಿ ಬಾಗಿಲ ಬಳಿ ಟೋಕನ್ ಮಾರುವ ಕೆಲಸ ಕೊಟ್ಟರು. ಬಲಗೈ ಪೂರ್ತಿ ಚಾಚಲು ಬರುತ್ತಿರಲಿಲ್ಲ, ಎಡಗೈಯಲ್ಲೇ ಟೋಕನ್ ಕೊಡುತ್ತಿದ್ದ. ಎಡಗೈ ಎಂದು ಸಿಡುಕಿದ ಗಿರಾಕಿಗಳಿಗೆ ಅವನು ಏನನ್ನೂ ವಿವರಿಸುತ್ತಿರಲಿಲ್ಲ.

ನಾನು ಕೆಲಸ ಬಿಡುವ ಕಾಲಕ್ಕೆ ಒಂದು ಬೆಳಿಗ್ಗೆ ಸೋಪಿನ ನೊರೆ ಕೆಲಸ ಮುಗಿಸಿ ಹೊರಗೆ ಹೊರಟಿದ್ದೆ, ಎಂದಿನಂತೆ ರೊಟ್ಟಿಯ ಗಂಟು ಕೈಯಲ್ಲಿ. ನಂಜಪ್ಪ ಬಾಗಿಲಲ್ಲಿ ತಡೆದ. ಎರಡು ತಟ್ಟೆ ಇಡ್ಲಿ ತರಿಸಿ ಮೇಜಿನ ಮೇಲಿಟ್ಟಿದ್ದ, ಅದೂ ಅಡಿಗೆಮನೆಯ ಪಕ್ಕದ ಮೇಜು.

“ಇವತ್ತು ನನ್ ಜೊತೆ ತಿನ್ಬೇಕು ಸಾಬ್ರೆ. ಇಲ್ಲಾ ಅನ್ಬ್ಯಾಡಿ.”

ನಿಂತೆ. ನಾನು ಅಡಿಗೆಮನೆಗೆ ಮುಖ ಮಾಡಿ, ಅವನು ಬೆನ್ನು ಮಾಡಿ. ಎಡಗೈಯಲ್ಲಿ ಇಡ್ಲಿ ಮುರಿದು ಸಾಂಬಾರಿನಲ್ಲಿ ಅದ್ದಿ ಒಂದೊಂದೇ ತುತ್ತು ನೆಮ್ಮದಿಯಿಂದ ತಿನ್ನತೊಡಗಿದ. ಒಳಗೆ ಯಾರೋ ಪಾತ್ರೆ ಬೀಳಿಸಿದರು. ನನ್ನ ಕೈ ಮೇಜನ್ನು ಹಿಡಿಯಿತು. ಅವನ ಹೆಗಲೂ ಒಮ್ಮೆ ಅದುರಿದ್ದನ್ನು ನೋಡಿದೆ. ಆದರೆ ಅವನು ತಿರುಗಿ ನೋಡಲಿಲ್ಲ.

“ನಿನಗೆ ಹೆದರಿಕೆ ಆಗಲ್ವೇನಪ್ಪ, ಇಲ್ಲಿ ನಿಂತ್ಕೊಂಡು ತಿನ್ನೋಕೆ?” ಎಂದು ಕೇಳಿಯೇಬಿಟ್ಟೆ.

“ಆಯ್ತದೆ ಸಾಬ್ರೆ. ದಿನಾಲೂ ಆಯ್ತದೆ,” ಎಂದ. ನನ್ನ ತಟ್ಟೆಯನ್ನು ನನ್ನ ಕಡೆಗೆ ಸ್ವಲ್ಪ ತಳ್ಳಿದ. “ಹೆದರ್ಕೆ ಎಲ್ಲಿಗೂ ಹೋಗಾಕಿಲ್ಲ. ಇಡ್ಲಿ ಆರೋಯ್ತದೆ. ತಿನ್ನಿ.”

ನಾನು ತಿಂದೆ.